ದೊಡ್ಡವರನ್ನು ಸ್ಕೌಟ್ ದಳಕ್ಕೆ ತಯಾರು ಮಾಡಿದ್ದು ಹೀಗೆ

ನಮ್ಮದು ದಾವಣಗೆರೆಯ ಒಂದು ಮುಕ್ತ ದಳ. ಯಾವ ಶಾಲೆಗೂ ಸೇರಿದ್ದಲ್ಲ. ಬಡಾವಣೆಯ ಮಕ್ಕಳು ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಸೇರುತ್ತಾರೆ. ಶಾಲೆಯ ದಳ ಆದರೆ ನಡೆಸೋಕೆ ಒಬ್ಬ ಮೇಷ್ಟ್ರು ಇರುತ್ತಾರೆ. ನಮ್ಮಲ್ಲಿ ಬ್ಯಾಂಕಿನವರು, ಎಲೆಕ್ಟ್ರಿಷಿಯನ್, ನರ್ಸ್, ನಿವೃತ್ತ ಬಸ್ ಕಂಡಕ್ಟರ್, ಡಿಗ್ರಿ ಓದುವ ಹುಡುಗರು, ಇವರೇ ನಡೆಸಬೇಕು. ಇವರನ್ನು ತಯಾರು ಮಾಡುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹೇಗೆ ಮಾಡ್ತೀರಿ ಅಂತ ಹರಿಹರದಿಂದ, ಹೊಳಲ್ಕೆರೆಯಿಂದ ಎಲ್ಲ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸ್ವಯಂಸೇವಕರು ಬೇಕಾಗಿದ್ದಾರೆ ಅಂತ ನಾನು ಎಲ್ಲೂ ಬೋರ್ಡ್ ಹಾಕುವುದಿಲ್ಲ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರನ್ನು ಗಮನಿಸುತ್ತೇನೆ. ಹೆಚ್ಚಿನವರು ಗೇಟಿನಿಂದಲೇ ಗಾಡಿ ತಿರುಗಿಸುತ್ತಾರೆ. ಯಾರೋ ಒಬ್ಬರು ಮಾತ್ರ ಬೇವಿನ ಮರದ ಕೆಳಗೆ ನಿಂತು ಆಟ ಮುಗಿಯುವವರೆಗೆ ನೋಡುತ್ತಾರೆ. ಅವರ ಹತ್ತಿರ ಹೋಗಿ, "ಸರ್, ಮುಂದಿನ ವಾರ ಹಗ್ಗದ ಚೀಲ ನೀವು ತರ್ತೀರಾ?" ಅಂತ ಕೇಳುತ್ತೇನೆ. ಅಷ್ಟೇ. ಸ್ಕೌಟ್ ಮಾಸ್ಟರ್ ಆಗ್ತೀರಾ ಅಂತ ಮೊದಲೇ ಕೇಳಿದರೆ ಯಾರಾದರೂ ಹೆದರುತ್ತಾರೆ. ಹಗ್ಗ ತಂದವರು ಹಗ್ಗ ಹಂಚುತ್ತಾರೆ, ಹಂಚಿದವರು ಗಂಟು ನೋಡುತ್ತಾರೆ, ನೋಡಿದವರಿಗೆ ಕಲಿಯಬೇಕು ಅನಿಸುತ್ತದೆ.

ಹೊಸದಾಗಿ ಬಂದವರು ಹೇಳುವ ಮೊದಲ ಮಾತು ಒಂದೇ: "ನಂಗೆ ಲೆಫ್ಟ್ ರೈಟ್ ಬರಲ್ರೀ." ಆಗಸ್ಟ್ 15, ಜನವರಿ 26ರ ಪರೇಡಿನಲ್ಲಿ ಮಾತ್ರ ಸ್ಕೌಟ್‌ಗಳನ್ನು ನೋಡಿದವರಿಗೆ ಸ್ಕೌಟಿಂಗ್ ಅಂದರೆ ಕವಾಯತು. ಆಗ ನಾನು ಬ್ರೌನ್‌ಸೀ ದ್ವೀಪದ ಕತೆ ಹೇಳುತ್ತೇನೆ. 1907ರಲ್ಲಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಆ ಪುಟ್ಟ ದ್ವೀಪಕ್ಕೆ ಹುಡುಗರನ್ನು ಕರೆದುಕೊಂಡು ಹೋದರು. ಶ್ರೀಮಂತರ ಮಕ್ಕಳೂ ಇದ್ದರು, ದುಡಿಯುವವರ ಮಕ್ಕಳೂ ಇದ್ದರು. ಅವರನ್ನು ನಾಲ್ಕು ಪ್ಯಾಟ್ರೋಲ್, ಅಂದರೆ ಸಣ್ಣ ಗುಂಪು, ಮಾಡಿ, ಪ್ರತಿಯೊಂದಕ್ಕೂ ಒಬ್ಬ ದೊಡ್ಡ ಹುಡುಗನನ್ನು ಲೀಡರ್ ಮಾಡಿ, ಅವನ ಕೈಗೇ ಜವಾಬ್ದಾರಿ ಕೊಟ್ಟರು. ಎರಡೇ ವರ್ಷದಲ್ಲಿ, 1909ಕ್ಕೆ, ನಮ್ಮ ಬೆಂಗಳೂರಿನಲ್ಲೂ ದಳ ಶುರುವಾಯಿತು. ಆಗ ಅದು ಇಂಗ್ಲಿಷರ ಮಕ್ಕಳಿಗೆ ಮಾತ್ರ. ಆಮೇಲೆ ನಮ್ಮ ಮಕ್ಕಳಿಗೂ ಬಾಗಿಲು ತೆರೆಯಿತು. ಬೇರೆ ಬೇರೆ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗಿದ್ದು 1950ರ ನವೆಂಬರ್ 7ರಂದು. ಈ ಕತೆಯಲ್ಲಿ ನಾನು ಒತ್ತಿ ಹೇಳುವುದು ಪ್ಯಾಟ್ರೋಲಿನ ಮಾತನ್ನೇ. 6ರಿಂದ 8 ಮಕ್ಕಳು, ಅವರಲ್ಲೇ ಒಬ್ಬ ಲೀಡರ್. ಉಳಿದದ್ದೆಲ್ಲ, ಗಂಟು, ಡೇರೆ, ಸ್ಕಾರ್ಫ್, ಇದರ ಸುತ್ತ ಬರುವಂಥದ್ದು.

ಸಂಸ್ಥೆಯ ಕ್ರಮಬದ್ಧ ತರಬೇತಿ ಇದ್ದೇ ಇದೆ. ಬಿಗಿನರ್ಸ್ ಕೋರ್ಸ್, ಆಮೇಲೆ 7 ದಿನದ ಬೇಸಿಕ್, ದಳ ನಡೆಸಿದ ಮೇಲೆ ಅಡ್ವಾನ್ಸ್ಡ್, ಕೊನೆಗೆ ದಳ ನಡೆಸುವವರ ಹಿರಿಯ ಅರ್ಹತೆಯಾದ ಹಿಮಾಲಯ ವುಡ್ ಬ್ಯಾಡ್ಜ್. ಎಲ್ಲರೂ ಇದರಲ್ಲಿ ಹೋಗಲೇಬೇಕು ಅನ್ನುವವನು ನಾನು. ಆದರೆ ಬೇಸಿಕ್‌ಗೆ ಕಳಿಸುವ ಮೊದಲು ನಾವೇ ಒಂದಿಷ್ಟು ತಯಾರಿ ಮಾಡಿಸುತ್ತೇವೆ. ಸಂಜೆ ಏಳರ ಮೇಲೆ ಯಾರದಾದರೂ ಮನೆ ಮಹಡಿಯಲ್ಲಿ, ಮಂಡಕ್ಕಿ ಮಿರ್ಚಿ ಇಟ್ಟುಕೊಂಡು. ಪ್ರತಿಜ್ಞೆ, ನಿಯಮ ಬಾಯಿಪಾಠ ಮಾಡಿಸುವುದಿಲ್ಲ. ಒಂದೊಂದು ನಿಯಮಕ್ಕೆ ತಮ್ಮ ಜೀವನದ ಒಂದು ಘಟನೆ ಹೇಳಿ ಅನ್ನುತ್ತೇನೆ. ಸ್ಕೌಟ್ ನಂಬಿಕಸ್ಥ ಅನ್ನುವ ಮೊದಲ ನಿಯಮಕ್ಕೆ ನಮ್ಮ ಕಂಡಕ್ಟರ್ ಅಣ್ಣ, ಬಸ್ಸಿನಲ್ಲಿ ಸಿಕ್ಕ ದುಡ್ಡಿನ ಗಂಟನ್ನು ಅಡಿಕೆ ಮಾರಿ ಬಂದ ರೈತನಿಗೆ ಮುಟ್ಟಿಸಿದ್ದನ್ನು ಹೇಳಿದರು. ಆ ನಿಯಮವನ್ನು ಮಕ್ಕಳಿಗೆ ಹೇಗೆ ಹೇಳಿಕೊಡಬೇಕು ಅಂತ ಅಲ್ಲಿದ್ದ ಯಾರಿಗೂ ಮತ್ತೆ ಹೇಳಬೇಕಾಗಲಿಲ್ಲ.

ಮಹಡಿಯ ಪಾಠಕ್ಕಿಂತ ಜಾಸ್ತಿ ಕೆಲಸ ಮಾಡುವುದು ಕೊಂಡಜ್ಜಿ. ದಾವಣಗೆರೆಯವರಾಗಿ ನಾವು ಪುಣ್ಯವಂತರು. ಗುಡ್ಡ, ಕೆರೆ, ಕಾಡು ಎಲ್ಲ ಇರುವ ಸ್ಕೌಟ್ಸ್ ತರಬೇತಿ ಕೇಂದ್ರ ನಮ್ಮ ಹತ್ತಿರವೇ, ಹರಿಹರ ತಾಲ್ಲೂಕಿನಲ್ಲಿದೆ. ಸ್ಕೌಟಿಂಗ್‌ಗೆ ಬದುಕು ಕೊಟ್ಟ ಕೊಂಡಜ್ಜಿ ಬಸಪ್ಪನವರ ಊರು ಅದು. ಶನಿವಾರ ಮಧ್ಯಾಹ್ನ ಹೋಗಿ ಭಾನುವಾರ ಸಂಜೆ ಬರುತ್ತೇವೆ. ಮಕ್ಕಳಿಲ್ಲ, ದೊಡ್ಡವರು ಮಾತ್ರ. ಅವರನ್ನೇ ಪ್ಯಾಟ್ರೋಲ್ ಮಾಡುತ್ತೇನೆ, ಎಲ್ಲರಿಗಿಂತ ಚಿಕ್ಕವರನ್ನು ಲೀಡರ್ ಮಾಡುತ್ತೇನೆ. ಐವತ್ತು ದಾಟಿದ ಬ್ಯಾಂಕ್ ಅಧಿಕಾರಿ ಇಪ್ಪತ್ತೊಂದರ ಹುಡುಗಿಯ ಮಾತು ಕೇಳಿ ನೀರು ತರಬೇಕು, ಒಲೆಗೆ ಜಾಲಿ ಕಡ್ಡಿ ಮುರಿಯಬೇಕು. ಅವಳು ಉಪ್ಪಿಟ್ಟಿಗೆ ನೀರು ಜಾಸ್ತಿ ಹಾಕುತ್ತಿದ್ದಾಳೆ ಅಂತ ಗೊತ್ತಿದ್ದರೂ, ಅವಳು ಕೇಳಿದಾಗ ಮಾತ್ರ ಹೇಳಬೇಕು. ಇದು ಅವರಿಗೆ ತುಂಬಾ ಕಷ್ಟದ ಕೆಲಸ. ತಮ್ಮ ಹತ್ತು ವರ್ಷದ ಮಗನ ಪ್ಯಾಟ್ರೋಲಿನಲ್ಲಿ ಏನು ನಡೆಯುತ್ತದೆ ಅಂತ ಅವರಿಗೆ ಆವತ್ತು ಮೈಗೆ ತಿಳಿಯುತ್ತದೆ.

ಹಿಂದೆ ನಿಲ್ಲುವುದನ್ನು ಕಲಿಸಲು ನನಗೆ ಸಿಕ್ಕ ಒಳ್ಳೆಯ ಪಾಠ ಲ್ಯಾಶಿಂಗ್, ಅಂದರೆ ಕೋಲುಗಳನ್ನು ಹಗ್ಗದಿಂದ ಬಿಗಿದು ಕಟ್ಟುವುದು. ಶಿಬಿರದಲ್ಲಿ ಮಕ್ಕಳು ಬಿದಿರು ಕೋಲು ಕಟ್ಟಿ ಚಪ್ಪಲಿ ಸ್ಟ್ಯಾಂಡ್, ತಟ್ಟೆ ಸ್ಟ್ಯಾಂಡ್ ಮಾಡುತ್ತಾರೆ, ಗ್ಯಾಜೆಟ್ ಅನ್ನುತ್ತೇವೆ. ಎರಡು ಕೋಲು ಅಡ್ಡ ಸೇರುವ ಕಡೆ ಸ್ಕ್ವೇರ್ ಲ್ಯಾಶಿಂಗ್ ಹಾಕಬೇಕು. ನಿಂತ ಕೋಲಿಗೆ ಮೊದಲು ಕ್ಲೋವ್ ಹಿಚ್, ಹಗ್ಗವನ್ನು ಕೋಲಿಗೆ ಹಿಡಿಸುವ ಗಂಟು. ಎರಡೂ ಕೋಲನ್ನು ಸೇರಿಸಿ ಮೂರು ಸುತ್ತು. ಆಮೇಲೆ ಕೋಲುಗಳ ನಡುವೆ ಹಗ್ಗ ತೂರಿಸಿ, ಮೊದಲ ಸುತ್ತುಗಳನ್ನೇ ಬಿಗಿಯುವ ಎರಡು ಸುತ್ತು. ಇದೇ ಫ್ರ್ಯಾಪಿಂಗ್. ಅಡ್ಡ ಕೋಲಿಗೆ ಕ್ಲೋವ್ ಹಿಚ್ ಹಾಕಿ ಮುಗಿಸುವುದು. ಫ್ರ್ಯಾಪಿಂಗ್ ಬಿಟ್ಟರೂ ನೋಡಲು ಚೆನ್ನಾಗೇ ಕಾಣುತ್ತದೆ, ಭಾರ ಬಿದ್ದ ಕೂಡಲೇ ಕುಸಿಯುತ್ತದೆ.

ಒಂದು ಸಲ ಏಳನೇ ಕ್ಲಾಸಿನ ಹುಡುಗರ ಪ್ಯಾಟ್ರೋಲ್ ಫ್ರ್ಯಾಪಿಂಗ್ ಇಲ್ಲದೆ ಸ್ಟ್ಯಾಂಡ್ ಕಟ್ಟುತ್ತಿತ್ತು. ನಮ್ಮ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ಇದ್ದರು. ದಿನವೂ ವೈರ್, ಕಂಬದ ನಡುವೆ ಕೆಲಸ ಮಾಡುವ ಕೈ ಅದು. ಕೈ ಮುಂದೆ ಹೋಯಿತು. ನಾನು ಅವರನ್ನು ನೋಡಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು, ಎರಡು ಹೆಜ್ಜೆ ಸರಿದು ನಿಂತರು. ಹುಡುಗರು ಚಪ್ಪಲಿ ಜೋಡಿಸಿದರು. ಸ್ಟ್ಯಾಂಡ್ ವಾಲಿತು, ಚಪ್ಪಲಿ ಎಲ್ಲ ನೆಲಕ್ಕೆ. ಎಲೆಕ್ಟ್ರಿಷಿಯನ್ ಕೇಳಿದ್ದು ಒಂದೇ ಮಾತು: "ಯಾವ ಕಡೆ ಜಾರ್ತು, ನೋಡ್ರಿ." ಪ್ಯಾಟ್ರೋಲ್ ಲೀಡರ್ ಕೂತು ಹಗ್ಗ ಅಲ್ಲಾಡಿಸಿ ನೋಡಿದ. ಪಕ್ಕದ ಪ್ಯಾಟ್ರೋಲಿನ ಸ್ಟ್ಯಾಂಡ್ ಹತ್ತಿರ ಹೋಗಿ ಅದನ್ನೂ ನೋಡಿದ. ವಾಪಸ್ ಬಂದು, "ನಡುವೆ ಬಿಗಿದಿಲ್ಲ ಕಣ್ರೋ" ಅಂದ. ಎಲ್ಲ ಬಿಚ್ಚಿ ಮತ್ತೆ ಕಟ್ಟಿದರು. ಸಂಜೆ ಉಳಿದ ಸ್ವಯಂಸೇವಕರಿಗೆ ಈ ಸಂಗತಿಯನ್ನು ಎಲೆಕ್ಟ್ರಿಷಿಯನ್ ಅವರಿಂದಲೇ ಹೇಳಿಸಿದೆ. ನಾನು ಎಷ್ಟು ಹೇಳಿದರೂ ಅಷ್ಟು ತಾಕುತ್ತಿರಲಿಲ್ಲ.

ಮಕ್ಕಳ ಮುಂದೆ ನಿಲ್ಲುವುದನ್ನು ಹಂತ ಹಂತವಾಗಿ ಕೊಡುತ್ತೇನೆ. ಮೊದಲು ಒಂದು ಆಟ ಮಾತ್ರ. ಕಿಮ್ಸ್ ಗೇಮ್ ಇದಕ್ಕೆ ಬಹಳ ಒಳ್ಳೆಯದು. ಟವೆಲ್ ಮೇಲೆ 24 ವಸ್ತು ಇಡಬೇಕು, ಅಡಿಕೆ, ಬೀಗದ ಕೈ, ನೂಲಿನ ಉಂಡೆ, ಬಸ್ ಟಿಕೆಟ್, ಏನಾದರೂ. ಒಂದು ನಿಮಿಷ ತೋರಿಸಿ ಮುಚ್ಚಬೇಕು, ಪ್ಯಾಟ್ರೋಲಿನವರು ನೆನಪಿನಿಂದ ಬರೆಯಬೇಕು. ವಿವರಣೆ ಮೂರು ವಾಕ್ಯದಲ್ಲಿ ಮುಗಿಯುತ್ತದೆ, ಹೊಸಬರು ತಡವರಿಸುವುದಿಲ್ಲ. ಅದು ರೂಢಿಯಾದ ಮೇಲೆ ಸಭೆಯ ಅರ್ಧ ಭಾಗ, ಆಮೇಲೆ ಪೂರ್ತಿ ಸಭೆ. ಆಗ ನಾನು ಬೇವಿನ ಮರದ ಕೆಳಗೆ ಕೂತಿರುತ್ತೇನೆ. ಸಭೆ ಮುಗಿದ ಮೇಲೆ ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಅಂತ ಹೇಳುವುದಿಲ್ಲ. ಹಗ್ಗ ಯಾರ ಕೈಯಲ್ಲಿ ಜಾಸ್ತಿ ಹೊತ್ತು ಇತ್ತು? ಇವತ್ತು ಒಂದೂ ಮಾತಾಡದ ಮಗು ಯಾವುದು? ಈ ಎರಡು ಪ್ರಶ್ನೆ ಕೇಳುತ್ತೇನೆ. ಎರಡನೆಯದಕ್ಕೆ ಉತ್ತರ ಕೊಡಲು ಶುರು ಮಾಡಿದವರು ದಳ ನಡೆಸಲು ತಯಾರಾಗಿದ್ದಾರೆ ಅಂತ ನನ್ನ ಲೆಕ್ಕ.

ಕೋರ್ಟ್ ಆಫ್ ಆನರ್ ಅಂತ ನಮ್ಮಲ್ಲೊಂದು ಸಭೆ ಇದೆ. ಪ್ಯಾಟ್ರೋಲ್ ಲೀಡರ್‌ಗಳು ಕೂತು ಮುಂದಿನ ತಿಂಗಳು ಏನು ಮಾಡಬೇಕು, ದಳದ ದುಡ್ಡು ಹೇಗೆ ಖರ್ಚು ಮಾಡಬೇಕು ಅಂತ ತೀರ್ಮಾನಿಸುತ್ತಾರೆ. ಸ್ಕೌಟ್ ಮಾಸ್ಟರ್ ಸಲಹೆಗಾರ ಮಾತ್ರ. ಹೊಸ ಸ್ವಯಂಸೇವಕರನ್ನು ನಾನು ಇದರಲ್ಲಿ ತಪ್ಪದೆ ಕೂರಿಸುತ್ತೇನೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಹೋದ ಹೈಕ್, ಅಂದರೆ ಕಾಲ್ನಡಿಗೆ ಪ್ರವಾಸ, ಹೀಗೇ ಹುಟ್ಟಿದ್ದು. ದೊಡ್ಡವರೆಲ್ಲ ಚಿತ್ರದುರ್ಗದ ಕೋಟೆ ಅಂದರು. ಮಕ್ಕಳು, ಕೋಟೆ ಶಾಲೆ ಟ್ರಿಪ್‌ನಲ್ಲಿ ನೋಡಿದೀವಿ, ಚಂದ್ರವಳ್ಳಿಗೆ ಹೋಗೋಣ ಅಂದರು. ಮಕ್ಕಳ ಮಾತೇ ನಡೆಯಿತು. ಮುಂದೆ ಹೋದ ಪ್ಯಾಟ್ರೋಲ್ ದಾರಿಯಲ್ಲಿ ಗುರುತು ಬಿಟ್ಟಿತು. ಬಾಣ ಅಂದರೆ ಈ ಕಡೆ ಬನ್ನಿ, ಗುಣಿಸು ಚಿಹ್ನೆ ಅಂದರೆ ಈ ಕಡೆ ಬೇಡ. ಸಂರಕ್ಷಿತ ಜಾಗ ಆದ್ದರಿಂದ ಬಂಡೆ ಮೇಲೆ ಸೀಮೆಸುಣ್ಣದಲ್ಲೂ ಬರೆಯುವ ಹಾಗಿಲ್ಲ. ಉದುರಿದ ಕಡ್ಡಿ, ಸಣ್ಣ ಕಲ್ಲು ಮಾತ್ರ, ಅದನ್ನೂ ಕೊನೆಯ ಪ್ಯಾಟ್ರೋಲ್ ಎತ್ತಿಕೊಂಡು ಬರಬೇಕು. ಸ್ವಯಂಸೇವಕರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಸುಮ್ನೆ ಹಿಂದೆ.

ಆದರೆ ಸುರಕ್ಷತೆಯ ವಿಷಯಕ್ಕೆ ಬಂದರೆ ಹಿಂದೆ ನಿಲ್ಲುವ ಮಾತೇ ಇಲ್ಲ. ಅಲ್ಲಿ ದೊಡ್ಡವರ ಮಾತೇ ಕೊನೆ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದು, ಯಾವಾಗಲೂ ಇಬ್ಬರು ಇರಬೇಕು. ಗೈಡ್‌ಗಳ, ಅಂದರೆ ಹೆಣ್ಣುಮಕ್ಕಳ, ಶಿಬಿರಕ್ಕೆ ಮಹಿಳಾ ನಾಯಕಿಯರು ಇಲ್ಲದೆ ಹೊರಡುವುದಿಲ್ಲ. ಪೋಷಕರ ಸಹಿ ಇಲ್ಲದೆ ಮಗು ಬಸ್ ಹತ್ತುವುದಿಲ್ಲ. ಕೊಂಡಜ್ಜಿಯಲ್ಲಿ ಕೆರೆಯ ನೀರಿಗೆ ಇಳಿಯುವ ಹಾಗಿಲ್ಲ, ಕಾಲು ತೊಳೆಯೋಕೂ ಇಲ್ಲ. ಯಾವ ಮಗುವಿಗೆ ಉಬ್ಬಸ, ಯಾರಿಗೆ ಯಾವ ಮಾತ್ರೆ ಅನ್ನುವ ಪಟ್ಟಿ ನಮ್ಮ ನರ್ಸ್ ಅಕ್ಕನ ಹತ್ತಿರ ಇರುತ್ತದೆ. ಪ್ರಥಮ ಚಿಕಿತ್ಸೆಯನ್ನು ಉಳಿದವರಿಗೆ ಕಲಿಸುವುದೂ ಅವರೇ. ನಮ್ಮ ಕಡೆ ಮಾರ್ಚ್ ಬಂದರೆ ಬಿಸಿಲು ತಡೆಯೋಕಾಗಲ್ಲ, ಅಲ್ವಾ? ಹಾಗಾಗಿ ಮಗು ಬಳಲಿ ತಲೆಸುತ್ತು ಅಂದರೆ ಏನು ಮಾಡಬೇಕು ಅನ್ನುವುದನ್ನೇ ಅವರು ಮೊದಲು ಮಾಡಿಸುತ್ತಾರೆ: ನೆರಳಿಗೆ ತನ್ನಿ, ಮಲಗಿಸಿ ಕಾಲು ಸ್ವಲ್ಪ ಎತ್ತಿಡಿ, ಸ್ಕಾರ್ಫ್ ಸಡಿಲ ಮಾಡಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಎಚ್ಚರ ಇದ್ದರೆ ಗುಟುಕು ಗುಟುಕಾಗಿ ಓಆರ್‌ಎಸ್ ಕೊಡಿ, ಮಾತು ತೊದಲಿದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಕೆಲವರಿಗೆ ಮಕ್ಕಳ ಮುಂದೆ ಸುಮ್ಮನಿರಲು ಆಗುವುದೇ ಇಲ್ಲ. ಒಳ್ಳೆಯ ಮನಸ್ಸು, ಆದರೆ ಕೈ ಬಾಯಿ ನಿಲ್ಲುವುದಿಲ್ಲ. ಅಂಥವರನ್ನು ಕಳೆದುಕೊಳ್ಳಬಾರದು. ದಳಕ್ಕೆ ಒಂದು ಸಮಿತಿ ಇರುತ್ತದೆ, ಅಲ್ಲಿ ಕೆಲಸ ರಾಶಿ ಇದೆ. ಕಂಡಕ್ಟರ್ ಅಣ್ಣ ತಾವೇ ಒಂದು ದಿನ ಬಂದು, "ನಂಗೆ ಮಕ್ಕಳನ್ನ ಸುಮ್ನೆ ನೋಡ್ತಾ ನಿಲ್ಲೋಕಾಗಲ್ರೀ, ಬೇರೆ ಏನಾದ್ರೂ ಕೊಡ್ರಿ" ಅಂದರು. ಈಗ ಅವರ ಕೈಯಲ್ಲಿ ಲೆಕ್ಕದ ಪುಸ್ತಕ, ಡೇರೆಗಳ ದಾಸ್ತಾನು, ಬಸ್ಸಿನ ವ್ಯವಸ್ಥೆ ಇದೆ. ಹೊರಡುವ ದಿನ ಬಸ್ಸಿನ ಬಾಗಿಲಲ್ಲಿ ನಿಂತು ಒಂದೊಂದೇ ಹೆಸರು ಕರೆದು ಮಕ್ಕಳನ್ನು ಹತ್ತಿಸುತ್ತಾರೆ, ವಾಪಸ್ ಬಂದಾಗ ಹಾಗೇ ಇಳಿಸುತ್ತಾರೆ. ಆ ಎಣಿಕೆಯನ್ನು ನಾವು ಬೇರೆ ಯಾರಿಗೂ ಕೊಟ್ಟಿಲ್ಲ.