ಓಡೋ ಕ್ವಾರ್ಟರ್‌ಬ್ಯಾಕ್‌ಗೆ ಬ್ಲಿಟ್ಜ್: ನಮ್ಮ ಹುಡುಗರ ಟೀಮಲ್ಲಿ ನಾನು ಮಾಡಿದ್ದು

ಅಮೆರಿಕದ ಡಲ್ಲಾಸ್ ಹತ್ರ ಹುಡುಗರ ಟ್ಯಾಕಲ್ ಫುಟ್ಬಾಲ್ (ಬಾಲ್ ಕೈಲಿ ಹಿಡಿದು ಓಡೋ ಅಮೆರಿಕನ್ ಫುಟ್ಬಾಲ್) ಟೀಮಿಗೆ ಲೈನ್‌ಬ್ಯಾಕರ್ ಕೋಚ್ ನಾನು, ಅಂದ್ರೆ ಡಿಫೆನ್ಸಲ್ಲಿ ಮುಂದಿನ ಸಾಲಿನ ಹಿಂದೆ ನಿಲ್ಲೋ ಹುಡುಗರಿಗೆ ಕೋಚ್, ಸಂಬಳ ಗಿಂಬಳ ಇಲ್ಲ, ಮಗ ಸೇರಿದ ಅಂತ ಹೋಗಿ ಸಿಕ್ಕಾಕೊಂಡಿದ್ದು. ಈ ವಯಸ್ಸಿನ ಲೀಗಲ್ಲಿ ಎಲ್ಲಾ ಟೀಮೂ ತಮ್ಮಲ್ಲಿರೋ ಅತಿ ಫಾಸ್ಟ್ ಹುಡುಗನ್ನೇ ಕ್ವಾರ್ಟರ್‌ಬ್ಯಾಕ್ (ಬಾಲ್ ತಗೊಂಡು ಆಟ ನಡ್ಸೋನು, ಪಾಸ್ ಹಾಕೋನು) ಮಾಡಿರ್ತಾರೆ, ಅವನಿಗೆ ಪಾಸ್ ಹಾಕೋಕೆ ಬರುತ್ತೋ ಇಲ್ವೋ ಅದು ಆಮೇಲಿನ ಮಾತು.

ಕ್ವಾರ್ಟರ್‌ಬ್ಯಾಕ್‌ನ ಹಿಡಿಯೋಕೆ ಮಾಮೂಲಿ ನಾಲ್ಕು ಜನ ನುಗ್ಗೋ ಕಡೆ ಐದೋ ಆರೋ ಜನನ್ನ ಕಳ್ಸಿದ್ರೆ ಅದು ಬ್ಲಿಟ್ಜ್. ನಿಂತಲ್ಲೇ ನಿಲ್ಲೋ ಕ್ವಾರ್ಟರ್‌ಬ್ಯಾಕ್ ಆದ್ರೆ ಸರಿ, ಓಡೋನ ಮೇಲೆ ಎಲ್ರೂ ನುಗ್ಗಿದ್ರೆ ಅವನು ಒಬ್ಬನ್ನ ತಪ್ಪಿಸ್ಕೊಂಡ್ರೆ ಸಾಕು, ಮುಂದೆ ಬಯಲು. ಅಂಗಳದಲ್ಲಿ ಕೋಳಿ ಹಿಡಿದೋರಿಗೆ ಇದು ಹೇಳಬೇಕಾಗಿಲ್ಲ, ನೇರ ಮೈಮೇಲೆ ಬಿದ್ರೆ ಕೈಗೆ ಸಿಗಲ್ಲ, ದಾರಿ ಮುಚ್ತಾ ಮುಚ್ತಾ ಮೂಲೆಗೆ ತರಬೇಕು.

ಹಾಗಾಗಿ ನಾನು ಕಳ್ಸೋದು ಐದೇ ಜನ. ಸಾಲಿನ ಎರಡೂ ತುದಿಲಿರೋ ಎಂಡ್ ಹುಡುಗರಿಗೆ ಒಂದೇ ರೂಲ್: ಹೊರಗಿನ ಭುಜ ಬ್ಲಾಕರ್ (ಅಡ್ಡ ನಿಂತು ತಡೆಯೋ ಎದುರಾಳಿ) ಕೈಗೆ ಕೊಡಬಾರ್ದು, ಕ್ವಾರ್ಟರ್‌ಬ್ಯಾಕ್ ನಿಂತಿರೋ ಗೆರೆ ದಾಟಿ ಹಿಂದಕ್ಕೆ ಹೋಗ್ಬಾರ್ದು. ಹಿಂದೆ ಹೋದ್ರೆ ಅವರ ಮುಂದಿಂದಾನೇ ಅವನು ಜಾರ್ಕೊಂಡ್ ಹೋಗ್ತಾನೆ. ಬ್ಲಿಟ್ಜ್ ಬರೋ ಲೈನ್‌ಬ್ಯಾಕರ್ ಎದುರಾಳಿ ಸಾಲಿನ ನಡುವಿರೋ ಸೆಂಟರ್ ಮತ್ತೆ ಅವನ ಪಕ್ಕದ ಗಾರ್ಡ್ ನಡುವೆ ನುಗ್ತಾನೆ, ಅದೂ ಕ್ವಾರ್ಟರ್‌ಬ್ಯಾಕ್‌ನ ಬಲಗಡೆಯಿಂದ, ಯಾಕಂದ್ರೆ ಬಲಗೈ ಹುಡುಗ ಎಡಕ್ಕೆ ಓಡ್ತಾ ಪಾಸ್ ಹಾಕೋದು ಭಾರಿ ಕಷ್ಟ. ಆ ಎಡಗಡೆ ಕಾಯೋಕೆ ನನ್ನ ಹತ್ರ ಇರೋ ತಾಳ್ಮೆಯ ಹುಡುಗನ್ನ ಹಾಕ್ತೀನಿ, ಜೋರಿನ ಹುಡುಗನ್ನಲ್ಲ.

ಇನ್ನೊಬ್ಬ ಸ್ಪೈ, ಐದಾರು ಯಾರ್ಡ್ ಹಿಂದೆ ನಿಂತ್ಕೊಂಡು ಕ್ವಾರ್ಟರ್‌ಬ್ಯಾಕ್ ಎತ್ತ ಹೋದ್ರೆ ಅತ್ತ. ಉಳಿದ ಐದು ಜನ ಝೋನ್, ಅಂದ್ರೆ ಒಬ್ಬೊಬ್ಬರು ಒಂದೊಂದು ಜಾಗ ಕಾಯೋದು, ಮೂರು ಆಳದಲ್ಲಿ, ಎರಡು ಕೆಳಗೆ. ಮ್ಯಾನ್ ಕವರೇಜ್ (ಒಬ್ಬೊಬ್ಬ ಎದುರಾಳಿಗೆ ಒಬ್ಬೊಬ್ಬ) ಕೊಟ್ರೆ ಎಲ್ರೂ ಪಾಸ್ ಹಿಡಿಯೋ ರಿಸೀವರ್ ಹಿಂದೆ ಬೆನ್ನು ತಿರುಗಿಸ್ಕೊಂಡು ಓಡ್ತಿರ್ತಾರೆ, ಕ್ವಾರ್ಟರ್‌ಬ್ಯಾಕ್ ಇಪ್ಪತ್ತು ಯಾರ್ಡ್ ಓಡೋವರೆಗೂ ಯಾರಿಗೂ ಗೊತ್ತಾಗಲ್ಲ.

ಹಂಗಂತ ಉಲ್ಟಾ ಮಾಡಿ ಗೆದ್ದೋರೂ ಇದ್ದಾರೆ. 2021ರ ನವೆಂಬರ್‌ನಲ್ಲಿ ಮಯಾಮಿ ಡಾಲ್ಫಿನ್ಸ್ ಹಿಂದೆ ಆಳದಲ್ಲಿ ಕಾಯೋ ಸೇಫ್ಟಿನೇ ಇಡದೆ, ಓಡೋದ್ರಲ್ಲಿ ಹೆಸರಾದ ಕ್ವಾರ್ಟರ್‌ಬ್ಯಾಕ್ ಲಾಮಾರ್ ಜಾಕ್ಸನ್ ಮೇಲೆ ಬ್ಲಿಟ್ಜ್ ಮೇಲೆ ಬ್ಲಿಟ್ಜ್ ತೋರ್ಸಿ ಅವನ ಟೀಮ್ ರೇವನ್ಸ್ ವಿರುದ್ಧ 22-10 ಗೆದ್ರು. ಅದೇ ವರ್ಷ ಫೆಬ್ರವರಿ ಸೂಪರ್ ಬೌಲಲ್ಲಿ (ಎನ್‌ಎಫ್‌ಎಲ್ ಫೈನಲ್) ಟ್ಯಾಂಪಾ ಬೇ ಟೀಮಿನ ಆಗಿನ ಡಿಫೆನ್ಸ್ ಕೋಚ್ ಟಾಡ್ ಬೌಲ್ಸ್, ಬ್ಲಿಟ್ಜ್‌ಗೇ ಹೆಸರಾದ ಮನುಷ್ಯ, ಕಾನ್ಸಾಸ್ ಸಿಟಿ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಮೇಲೆ ಬ್ಲಿಟ್ಜ್ ತುಂಬಾ ಕಮ್ಮಿ ಮಾಡಿ ನಾಲ್ಕೇ ಜನರಲ್ಲಿ ಒತ್ತಡ ಹಾಕಿ 31-9 ಗೆಲ್ಸಿದ. ನನ್ನ ಪ್ರಕಾರ ಮಯಾಮಿದು ನೋಡೋಕೆ ಚೆಂದ, ಹುಡುಗರಿಗೆ ಕಲ್ಸೋಕೆ ಬೌಲ್ಸ್‌ದೇ ದಾರಿ.

ಪ್ರಾಕ್ಟೀಸಲ್ಲಿ ನಮ್ಮ ಅತಿ ಫಾಸ್ಟ್ ಹುಡುಗನ್ನ ನಾಲ್ಕು ಕೋನ್ ಮಧ್ಯ ನಿಲ್ಸಿ, ಬಾಲೂ ಇಲ್ಲ ರಿಸೀವರೂ ಇಲ್ಲ, ಐದು ಜನ ಬಂದು ಅವನು ಕೋನ್ ದಾಟದ ಹಾಗೆ ನೋಡ್ಕೋಬೇಕು ಅಂತೀನಿ, ಟ್ಯಾಕಲ್ ಬೇಡ, ಎರಡು ಕೈಲಿ ಮುಟ್ಟಿದ್ರೆ ಆಯ್ತು. ಕೊನೇ ಎರಡು ಯಾರ್ಡ್ ಸಣ್ಣ ಹೆಜ್ಜೆ, ಹಾರಬಾರ್ದು, ಕಣ್ಣು ಅವನ ಸೊಂಟದ ಮೇಲೆ, ಯಾಕಂದ್ರೆ ತಲೆ ಭುಜ ಎಲ್ಲಾ ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ. ಮ್ಯಾಚಲ್ಲಿ ಸ್ಯಾಕ್ (ಪಾಸ್ ಹಾಕೋ ಮೊದ್ಲೇ ಕ್ವಾರ್ಟರ್‌ಬ್ಯಾಕ್‌ನ ಕೆಡವೋದು) ಆಗ್ಲಿಲ್ಲ ಅಂತ ಹುಡುಗರು ಬೇಜಾರಾಗ್ತಾರೆ, ಸ್ಟ್ಯಾಂಡಲ್ಲಿ ಪೇರೆಂಟ್ಸ್ ಹಿಡಿಯೋ ಹಿಡಿಯೋ ಅಂತ ಕಿರಿಚ್ತಾರೆ, ಅದ್ರಲ್ಲಿ ನಮ್ಮನೆಯವಳೂ ಒಬ್ಳು. ಕ್ವಾರ್ಟರ್‌ಬ್ಯಾಕ್ ಬಾಲ್ ಹೊರಗೆ ಎಸೆದ್ರೂ ನಂಗೆ ಸಾಕು, ಅವರಿಗಿರೋ ನಾಲ್ಕು ಅವಕಾಶದಲ್ಲಿ ಒಂದು (ಡೌನ್) ಹೋಯ್ತಲ್ಲ.

ಸ್ಪೈ ಹುಡುಗನದ್ದೇ ಇನ್ನೂ ಸರಿಹೋಗಿಲ್ಲ, ಸುಮ್ನೆ ನಿಂತು ಬೋರಾಗಿ ಅವನೂ ನುಗ್ಬಿಡ್ತಾನೆ. ಈಗ ಕ್ವಾರ್ಟರ್‌ಬ್ಯಾಕ್ ಓಡೋಕೆ ಶುರು ಮಾಡಿದ ತಕ್ಷಣ ರನ್ ಅಂತ ಕೂಗೋ ಡ್ಯೂಟಿನೂ ಅವನಿಗೇ ಕೊಟ್ಟಿದ್ದೀನಿ, ಕೂಗೋ ಆಸೆಗಾದ್ರೂ ಜಾಗದಲ್ಲಿ ನಿಲ್ತಿದ್ದಾನೆ.