ಎಡವಟ್ಟು ಸೀನನನ್ನು ಗಗನನೌಕೆ ಹತ್ತಿಸಿದ ಕಥೆ: ನನ್ನ ಅನುಭವ

ಸ್ಕ್ರಿಪ್ಟ್ ಓದಿದ ಐದಾರು ಜನ ಒಂದೇ ಮಾತು ಹೇಳಿದ್ದರು. "ಹೀರೋ ಇಷ್ಟು ಎಡವಟ್ಟಾದ್ರೆ ಕೇಳೋರಿಗೆ ಎರಡನೇ ಎಪಿಸೋಡಿಗೇ ರೇಜಿಗೆ ಹಿಡಿಯುತ್ತೆ. ಸುಮ್ನೆ ಒಬ್ಬ ಬುದ್ಧಿವಂತ ಕ್ಯಾಪ್ಟನ್ ಹಾಕು." ನಾನು ಹಾಕಲಿಲ್ಲ. ಈಗ ಹನ್ನೆರಡು ಎಪಿಸೋಡಿನ ಆಡಿಯೊ ಸರಣಿ ಮುಗಿದಿದೆ. ಮೊದಲನೆಯದನ್ನು ಕೇಳಿದ ಹತ್ತು ಜನರಲ್ಲಿ ಹೆಚ್ಚುಕಮ್ಮಿ ಆರು ಜನ ಕೊನೆಯದನ್ನೂ ಕೇಳಿದ್ದಾರೆ. ಆಡಿಯೊ ನಾಟಕ ಮಾಡುವವರಿಗೆ ಇದು ಎಂಥ ಲೆಕ್ಕ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸೀನ ಒಂದು ಸರಕು ನೌಕೆಯ ಸಹಾಯಕ. ಫಿಲ್ಟರ್ ಬದಲಿಸುವುದು, ಪೈಪ್ ಒರೆಸುವುದು ಅವನ ಕೆಲಸ. ಮನಸ್ಸು ಒಳ್ಳೆಯದು, ಕೈ ಮಾತ್ರ ನಿಲ್ಲುವುದಿಲ್ಲ.

ಮೊದಲ ಸಲ ನಾನು ಮಾಡಿದ ತಪ್ಪು ಎಣಿಕೆಯದ್ದು. ಹತ್ತು ನಿಮಿಷದ ಎಪಿಸೋಡಿನಲ್ಲಿ ಹನ್ನೊಂದು ಎಡವಟ್ಟು ತುರುಕಿದ್ದೆ. ತಪ್ಪು ಬಟನ್ ಒತ್ತುತ್ತಾನೆ, ತಪ್ಪು ಬಾಗಿಲು ತೆಗೆಯುತ್ತಾನೆ, ಬೀಳುತ್ತಾನೆ, ಬೀಳಿಸುತ್ತಾನೆ. ನಾಲ್ಕು ಜನರನ್ನು ಕೂರಿಸಿ ಕೇಳಿಸಿದೆ. ಮೊದಲ ಮೂರಕ್ಕೆ ನಕ್ಕರು. ಆಮೇಲೆ ಪೂರಾ ಮೌನ. ಒಬ್ಬ ಫೋನ್ ಕೈಗೆತ್ತಿಕೊಂಡ. ಮುಗಿದ ಮೇಲೆ ಇನ್ನೊಬ್ಬ ಕೇಳಿದ: "ಇಂಥವನನ್ನು ಕೆಲಸಕ್ಕೆ ಯಾಕೆ ಇಟ್ಕೊಂಡಿದ್ದಾರೆ?" ಆ ಪ್ರಶ್ನೆ ಕೇಳುಗನ ತಲೆಗೆ ಬಂತು ಅಂದರೆ ಪಾತ್ರ ಸತ್ತ ಹಾಗೆ.

ಎರಡನೇ ಸಲ ಇನ್ನೊಂದು ತುದಿಗೆ ಹೋದೆ. ಎಲ್ಲರೂ ಸೀನನಿಗೆ ಬೈಯುತ್ತಾರೆ, ಅವನು ಮೂಲೆಯಲ್ಲಿ ಕೂತು ಅಳುತ್ತಾನೆ. ಪಾಪ ಅನ್ನಿಸಿತು, ನಗು ಬರಲಿಲ್ಲ. ದುಃಖದ ಸಂಗತಿ ಏನೆಂದರೆ ಇದನ್ನು ರೆಕಾರ್ಡ್ ಕೂಡ ಮಾಡಿಬಿಟ್ಟಿದ್ದೆ. ಐದು ಜನ ಕಲಾವಿದರು, ಎರಡು ದಿನದ ಸ್ಟುಡಿಯೊ ಬಾಡಿಗೆ, ಎಡಿಟಿಂಗ್ ಎಲ್ಲ ಸೇರಿ ನನ್ನ ಎರಡೂವರೆ ತಿಂಗಳ ಸಂಬಳ ನೀರಿಗೆ ಹೋಯಿತು. ಸೀನನ ದನಿ ಕೊಟ್ಟ ಹುಡುಗ ಮರುರೆಕಾರ್ಡಿಂಗಿಗೆ ದುಡ್ಡೇ ತೆಗೆದುಕೊಳ್ಳಲಿಲ್ಲ. ಆ ಋಣ ಇನ್ನೂ ಇದೆ.

ದಾರಿ ಸಿಕ್ಕಿದ್ದು ಒಂದು ಹಳೆಯ ಪ್ರಯೋಗದಿಂದ. 1966ರಲ್ಲಿ ಎಲಿಯಟ್ ಅರಾನ್ಸನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಮಾಡಿದ್ದು. ಕ್ವಿಜ್ ಪ್ರಶ್ನೆಗಳಿಗೆ ಉತ್ತರಿಸುವವನ ಟೇಪನ್ನು ಜನರಿಗೆ ಕೇಳಿಸುತ್ತಾರೆ. ಕೊನೆಯಲ್ಲಿ ಅವನು ಕಾಫಿ ಚೆಲ್ಲಿಕೊಳ್ಳುತ್ತಾನೆ. ಹೆಚ್ಚುಕಡಿಮೆ ಎಲ್ಲಕ್ಕೂ ಸರಿ ಉತ್ತರ ಕೊಟ್ಟವನು ಚೆಲ್ಲಿಕೊಂಡರೆ ಜನರಿಗೆ ಅವನು ಇನ್ನೂ ಇಷ್ಟವಾಗುತ್ತಾನೆ. ಸಾಧಾರಣದವನು ಚೆಲ್ಲಿಕೊಂಡರೆ ಇದ್ದ ಇಷ್ಟವೂ ಕಮ್ಮಿಯಾಗುತ್ತದೆ. ಅದೂ ಬರೀ ಟೇಪು, ನಮ್ಮ ಮಾಧ್ಯಮವೇ ಅಲ್ವಾ!

ಹಾಗಾಗಿ ಸೀನನಿಗೆ ಒಂದೇ ಒಂದು ವಿದ್ಯೆ ಕೊಟ್ಟೆ. ಪಂಪಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಅಂತ ಹೇಳುತ್ತಾನೆ. ನೌಕೆಯಲ್ಲಿ ಬೇರೆ ಯಾರಿಗೂ ಅದು ಬರುವುದಿಲ್ಲ. ಅವನು ಕೇಳಿಸಿಕೊಂಡ ಸದ್ದನ್ನು ಕೇಳುಗರೂ ಕೇಳಿಸಿಕೊಳ್ಳುತ್ತಾರೆ, ಹಾಗಾಗಿ ನಂಬುತ್ತಾರೆ. ಮೊದಲ ಎಪಿಸೋಡಿನಲ್ಲಿ ಈ ದೃಶ್ಯ ಮುಗಿದ ಮೇಲೆಯೇ ಮೊದಲ ಎಡವಟ್ಟು. ಆ ಹನ್ನೊಂದನ್ನು ಎರಡಕ್ಕೆ ಇಳಿಸಿದೆ.

ಇನ್ನೊಂದು ವಿಷಯ ಹೊಳೆದದ್ದು ನಿಜವಾದ ಘಟನೆಯಿಂದ. 2008ರಲ್ಲಿ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೆಲಸ ಮಾಡುತ್ತಿದ್ದ ಗಗನಯಾನಿಯೊಬ್ಬರ ಚೀಲದೊಳಗೆ ಗ್ರೀಸ್ ಹಚ್ಚುವ ಗನ್ ಸೋರಿತ್ತು. ಅದನ್ನು ಒರೆಸುತ್ತಿರುವಾಗ ಸಲಕರಣೆಯ ಚೀಲವೇ ತೇಲಿಕೊಂಡು ಕೈಬಿಟ್ಟು ಹೋಯಿತು. ಅಷ್ಟು ತರಬೇತಿ ಪಡೆದವರ ಕೈಯಿಂದ! ಒಂದನ್ನು ಸರಿ ಮಾಡಲು ಹೋಗಿ ಇನ್ನೊಂದು ಕೈಜಾರುವುದು. ಸೀನನ ಪ್ರತಿ ಎಡವಟ್ಟನ್ನೂ ಈ ಅಚ್ಚಿಗೇ ಹಾಕಿ ಮತ್ತೆ ಬರೆದೆ. ಅವನು ಸುಮ್ನೆ ಎಡವುವುದಿಲ್ಲ. ಯಾರಿಗೋ ಏನೋ ಒಳ್ಳೆಯದು ಮಾಡಲು ಹೋಗಿ ಎಡವುತ್ತಾನೆ.

ಎಲ್ಲರೂ ನೆನಪಿಟ್ಟುಕೊಂಡಿರುವ ಗಿಡದ ದೃಶ್ಯ ಹುಟ್ಟಿದ್ದು ಹಾಗೆ. ಅಡುಗೆಯವಳು ಒಂದು ಗಿಡ ಬೆಳೆಸಿದ್ದಾಳೆ, ಅದು ಬಾಡುತ್ತಿದೆ. ರಾತ್ರಿ ಎಲ್ಲರೂ ಮಲಗಿದಾಗ ಸೀನ ತನ್ನ ಪಾಲಿನ ಕುಡಿಯುವ ನೀರನ್ನು ಒಂದು ಟ್ಯೂಬಿನಲ್ಲಿ ತರುತ್ತಾನೆ. ತೂಕವಿಲ್ಲದ ಕಡೆ ನೀರು ಸುರಿಯುವುದಿಲ್ಲ, ಉಂಡೆಯಾಗಿ ಎಲೆಗೆ ಅಂಟಿಕೊಂಡು ಕೂರುತ್ತದೆ. ಬೇರಿಗೆ ತಲುಪಲಿ ಅಂತ ಅವನು ಮೆಲ್ಲಗೆ ಊದುತ್ತಾನೆ. ಉಂಡೆ ಬಿಟ್ಟುಕೊಂಡು ತೇಲುತ್ತಾ ಹೊರಡುತ್ತದೆ. ಅವನು ಹಿಂದೆ, ಅದು ಮುಂದೆ. "ಬೇಡ, ಬೇಡ, ಆ ಕಡೆ ಹೋಗಬೇಡ, ಬಾರೋ..." ಅಂತ ಪಿಸುಗುಟ್ಟುತ್ತಾ ಬರುತ್ತಾನೆ. ಪ್ಯಾನೆಲ್ಲಿಗೆ ತಾಗಿದ ಸಣ್ಣ 'ಚುಂಯ್' ಸದ್ದು. ದೀಪ ಹೋಗುತ್ತದೆ. ಯಾರೂ ಕೇಳುವ ಮೊದಲೇ ಅವನೇ ಹೋಗಿ ಕ್ಯಾಪ್ಟನ್ನಿನ ಬಾಗಿಲು ತಟ್ಟುತ್ತಾನೆ. ಆ ತಟ್ಟುವ ಸದ್ದನ್ನು ಎಂಟು ಸಲವಾದರೂ ರೆಕಾರ್ಡ್ ಮಾಡಿದೆವು. ಅದರಲ್ಲಿ ಹೆದರಿಕೆ ಇರಬೇಕು, ಓಡಿಹೋಗುವ ಯೋಚನೆ ಇರಬಾರದು. ನೀರಿನ ಹಿಂದೆ ಓಡುವಾಗ ಜನ ನಗುತ್ತಾರೆ, ಬಾಗಿಲು ತಟ್ಟಿದಾಗ ಅವನು ಅವರಿಗೆ ನಮ್ಮವನಾಗುತ್ತಾನೆ. ಮೊದಲೆರಡು ಸಲ ನನ್ನ ಹತ್ತಿರ ಇಲ್ಲದೇ ಇದ್ದದ್ದು ಈ ಬಾಗಿಲು.

ನಡುವೆ ಒಂದು ಅಡ್ಡ ಪ್ರಯೋಗ. ಚಂದ್ರನಿಂದ ಭೂಮಿಗೆ ರೇಡಿಯೊ ಸಂಕೇತ ಹೋಗಿ ಬರಲು ಸುಮಾರು 2.6 ಸೆಕೆಂಡ್ ಬೇಕು. ನೌಕೆ ಚಂದ್ರನ ಹತ್ತಿರ ಇರುವ ಎಪಿಸೋಡಿನಲ್ಲಿ ಅಷ್ಟೇ ತಡವನ್ನು ನಿಜವಾಗಿ ಇಟ್ಟೆ. ಭೂಮಿಯ ಮೇಲಧಿಕಾರಿ ಉತ್ತರಕ್ಕೆ ಕಾಯದೇ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾನೆ. ಸೀನ ಮೊದಲನೆಯದಕ್ಕೆ "ಹೌದು ಸರ್, ನಾನೇ ಸರ್" ಅನ್ನುವುದು "ಈ ತಿಂಗಳ ಅತ್ಯುತ್ತಮ ಕೆಲಸಗಾರ ಯಾರು?" ಎಂಬ ಪ್ರಶ್ನೆಗೆ ಉತ್ತರವಾಗಿ ಬೀಳುತ್ತದೆ. ಇಷ್ಟು ದೊಡ್ಡ ನಗು ಇಡೀ ಸರಣಿಯಲ್ಲಿ ಇನ್ನೆಲ್ಲೂ ಬಂದಿಲ್ಲ. ಇದನ್ನೇ ಮಂಗಳ ಗ್ರಹಕ್ಕೆ ಹಾಕಲು ಹೋದೆ, ಕೆಲಸ ಮಾಡಲಿಲ್ಲ. ಅದು ತೀರಾ ಹತ್ತಿರ ಇದ್ದಾಗಲೂ ಮಾತು ಒಂದು ದಿಕ್ಕಿಗೆ ತಲುಪಲು ಮೂರು ನಿಮಿಷ ಬೇಕು. ಅಷ್ಟರಲ್ಲಿ ತಮಾಷೆ ತಣ್ಣಗಾಗುತ್ತದೆ. ಎರಡು ವಾರ ಹಾಳಾಯಿತು.

ಎಡವಟ್ಟಾದ ಮೇಲೆ ಮೊದಲ ಮಾತು ಬರುವವರೆಗೆ ಎಷ್ಟು ಹೊತ್ತು ಮೌನ ಇಡುತ್ತೇನೆ ಅಂತ ತುಂಬಾ ಜನ ಕೇಳಿದ್ದಾರೆ. ಅದನ್ನು ಹೇಳುವುದಿಲ್ಲ. ಪ್ರತಿ ಎಪಿಸೋಡಿಗೂ ಬೇರೆ ಬೇರೆ, ಅದಕ್ಕೊಂದು ಲೆಕ್ಕ ಇದೆ, ಅಷ್ಟು ಹೇಳಬಲ್ಲೆ. ಬೀಳುವ ಸದ್ದನ್ನು ಯಾವುದರಿಂದ ಮಾಡುತ್ತೇನೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯ. ಬಿಸಾಡಿದ್ದೂ ಸೇರಿ ಒಟ್ಟು ಖರ್ಚು ಸುಮಾರು ಏಳು ತಿಂಗಳ ಸಂಬಳದಷ್ಟು. ಇಲ್ಲಿಯವರೆಗೆ ಐದು ತಿಂಗಳಿನಷ್ಟು ವಾಪಸ್ ಬಂದಿದೆ, ಇನ್ನೂ ಬರುತ್ತಿದೆ. ಮೊದಲು "ಹೀರೋ ಬದಲಿಸಿದರೆ ನೋಡೋಣ" ಅಂದಿದ್ದ ಪ್ರಾಯೋಜಕರೊಬ್ಬರು ಹೋದ ತಿಂಗಳು ತಾವೇ ಫೋನ್ ಮಾಡಿ ಎರಡನೇ ಸರಣಿ ಯಾವಾಗ ಅಂತ ಕೇಳಿದರು. ಮೂರು ಎಪಿಸೋಡು ಬರೆದಾಗಿದೆ ಅಂದೆ. ಈ ಸಲ ಅಡುಗೆಯವಳ ಗಿಡದಲ್ಲಿ ಕಾಯಿ ಬಿಟ್ಟಿದೆ, ಸೀನನಿಗೆ ಅದನ್ನು ಕಾಯುವ ಕೆಲಸ ಕೊಟ್ಟಿದ್ದಾರೆ.