‘ಯಾವಾಗ್ಲೂ’ ಅಂದರೆ ಎಷ್ಟು ಸಲ?

ಕಲಬುರಗಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಶುರು ಮಾಡಿದ ಹೊಸತರಲ್ಲಿ, ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆ, ಸಂಬಂಧ, ತನ್ನ ಬಗೆಗಿನ ಅರಿವು ಯಾವುದೂ ಸ್ಥಿರವಾಗಿ ನಿಲ್ಲದ ಮಾನಸಿಕ ಕಾಯಿಲೆ) ಇದೆ ಎಂದು ಗೊತ್ತಾದವರ ಫೈಲಿನಲ್ಲಿ ನಾನು ‘ತೀವ್ರ’ ಅಥವಾ ‘ಮಧ್ಯಮ’ ಎಂದಷ್ಟೇ ಬರೆಯುತ್ತಿದ್ದೆ. ಅಂದು ನನ್ನೆದುರು ಹೆಚ್ಚು ಅತ್ತವರು, ಕೂಗಾಡಿದವರು ತೀವ್ರ. ಸುಮ್ಮನೆ ಕೂತವರು ಮಧ್ಯಮ. ಆರು ತಿಂಗಳ ಚಿಕಿತ್ಸೆಯ ನಂತರ ಒಬ್ಬ ತಂದೆ, ‘ಮೇಡಂ, ನಮ್ಮ ಹುಡುಗಿಗಿ ಕಮ್ಮಿ ಆಗ್ಯಾದೋ ಇಲ್ಲೋ?’ ಎಂದು ಕೇಳಿದಾಗ ನನ್ನ ಫೈಲಿನಲ್ಲಿ ಉತ್ತರವೇ ಇರಲಿಲ್ಲ.

ಆಮೇಲೆ ನಾನು ಹಿಡಿದದ್ದು ಈ ಕಾಯಿಲೆಯ ತೀವ್ರತೆ ಅಳೆಯುವ ಬಿಪಿಡಿಎಸ್ಐ ಎಂಬ ಸಂದರ್ಶನ. ನೆದರ್‌ಲ್ಯಾಂಡ್ಸ್‌ನ ಆರ್ನೌಡ್ ಆರ್ನ್‌ಟ್ಸ್ ಮತ್ತು ಸಂಗಡಿಗರು ರೂಪಿಸಿದ್ದು. 70 ಪ್ರಶ್ನೆ, 9 ಭಾಗ: ಕೈಬಿಡುತ್ತಾರೆಂಬ ಭಯ, ಸಂಬಂಧಗಳ ಏರಿಳಿತ, ತಾನು ಯಾರೆಂಬ ಗೊಂದಲ, ದುಡುಕು, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಮತ್ತು ಸಾಯುವ ಯೋಚನೆ, ಮನಸ್ಸಿನ ಹೊಯ್ದಾಟ, ಖಾಲಿತನ, ಸಿಟ್ಟು, ಒತ್ತಡದಲ್ಲಿ ಬರುವ ಸಂಶಯ ಅಥವಾ ಮೈಮರೆವು. ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಆಯಿತು ಎಂದು ಕೇಳಬೇಕು. ಒಮ್ಮೆಯೂ ಇಲ್ಲದಿದ್ದರೆ 0, ದಿನಾ ಇದ್ದರೆ 10. ಗುರುತಿನ ಗೊಂದಲಕ್ಕೆ ಮಾತ್ರ ಅಳತೆ ಬೇರೆ, ಅದನ್ನು ಎಣಿಸಲಾಗದು. ಪ್ರತಿ ಭಾಗದ ಸರಾಸರಿ ತೆಗೆದು ಕೂಡಿಸಿದರೆ ಒಟ್ಟು 90ಕ್ಕೆ ಅಂಕ. ಅಲ್ಲಿನ ಅಧ್ಯಯನಗಳಲ್ಲಿ 15ರ ಮೇಲಿದ್ದರೆ ಕಾಯಿಲೆಯ ವ್ಯಾಪ್ತಿ ಎಂದು ಗೆರೆ ಎಳೆದಿದ್ದಾರೆ. ನಾನು ಆ ಗೆರೆಯ ಮೇಲೆ ತೀರ್ಪು ಕೊಡುವುದಿಲ್ಲ. ಪ್ರಶ್ನೆಗಳನ್ನು ನಮ್ಮ ಕಡೆಯ ಮಾತಿಗೆ ತಿರುಗಿಸಿ ಕೇಳುವವಳು ನಾನು, ಹಾಗಾಗಿ ಒಬ್ಬರ ಇವತ್ತಿನ ಅಂಕವನ್ನು ಅವರದೇ ಹಿಂದಿನ ಅಂಕದ ಪಕ್ಕ ಇಟ್ಟು ನೋಡುತ್ತೇನೆ, ಅಷ್ಟೇ.

ಒಂದು ಜನವರಿಯ ಕೊನೆಗೆ ಆಳಂದ ಕಡೆಯಿಂದ ಒಬ್ಬ ಯುವತಿ ಬಂದಳು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಗಂಡ ಪುಣೆಯಲ್ಲಿ ದುಡಿಯುತ್ತಾನೆ. ಜೊತೆಗೆ ತಾಯಿ ಇದ್ದರು. ಅವರನ್ನು ಹೊರಗೆ ಕೂಡಿಸಿಯೇ ನಾನು ಶುರು ಮಾಡುವುದು. ಸಿಟ್ಟಿನ ಬಗ್ಗೆ ಕೇಳಿದೆ.

‘ಯಾವಾಗ್ಲೂ ಬರ್ತದ್ರಿ ಮೇಡಂ. ದಿನಾನೂ.’

ಹಿಂದಾಗಿದ್ದರೆ 10 ಹಾಕಿ ಮುಂದೆ ಹೋಗುತ್ತಿದ್ದೆ. ಈಗ ಪಕ್ಕದಲ್ಲಿ ಗೋಡೆ ಕ್ಯಾಲೆಂಡರಿನ ಹಾಳೆಗಳನ್ನು ಇಟ್ಟುಕೊಂಡಿರುತ್ತೇನೆ. ‘ಮೂರು ತಿಂಗಳು’ ಎಂದರೆ ಯಾರ ನೆನಪೂ ಬಿಚ್ಚುವುದಿಲ್ಲ. ದೀಪಾವಳಿ, ತೊಗರಿ ರಾಶಿ, ಎಳ್ಳ ಅಮಾವಾಸ್ಯೆ, ಸಂಕ್ರಾಂತಿ ಎಂದರೆ ಬಿಚ್ಚುತ್ತದೆ.

‘ಎಳ್ಳ ಅಮಾಸಿ ದಿನ ಹೊಲಕ್ಕ ಹೋಗಿದ್ರೇನು? ಅವತ್ತ ಸಿಟ್ಟು ಬಂತಾ?’

‘ಇಲ್ರಿ, ಅವತ್ತ ಛಂದ ಇದ್ದೆ. ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡು ಬಂದೀವಿ. ಮರುದಿನ ಅವರ ಫೋನ್ ಹತ್ತಲಿಲ್ಲ. ಅವತ್ತ ತಾಟು ಒಗದೆ.’

ಹೀಗೆ ಹಬ್ಬದಿಂದ ಹಬ್ಬಕ್ಕೆ ನಡೆದಾಗ, ಕೈಮೀರಿ ಕೂಗಾಡಿದ್ದು ಮೂರು ತಿಂಗಳಲ್ಲಿ ಆರು ಸಲ ಎಂದು ಸಿಕ್ಕಿತು. ಸಿಟ್ಟು ಒಳಗೆ ಕುದಿಯುವುದು ಬೇರೆ, ಅದು ಕೈಗೆ ಬಾಯಿಗೆ ಬರುವುದು ಬೇರೆ. ಎರಡನ್ನೂ ಬಿಡಿಸಿ ಕೇಳಬೇಕು. ಕೈ ಕೊಯ್ದುಕೊಂಡದ್ದರ ಬಗ್ಗೆ ಆಕೆ ಮೊದಲು ಹೇಳಿದ್ದು ‘ಒಂದೆರಡು ಸಲ ಇರಬೇಕ್ರಿ’ ಎಂದು. ಗಂಡನ ಫೋನ್ ಹತ್ತದ ರಾತ್ರಿಗಳನ್ನು ಒಂದೊಂದಾಗಿ ಎಣಿಸಿದಾಗ ಹೆಚ್ಚುಕಡಿಮೆ ವಾರಕ್ಕೊಮ್ಮೆ ಎಂದು ಗೊತ್ತಾಯಿತು. ಮನೆಯವರು ಕಂಡದ್ದು ಸಿಟ್ಟು, ಅವರ ದೂರೂ ಅದೇ. ಅಂಕ ಏರಿದ್ದು ಗಾಯದ ಕಡೆ, ಕೈಬಿಡುತ್ತಾರೆಂಬ ಭಯದ ಕಡೆ. ನಮ್ಮ ಚಿಕಿತ್ಸೆ ಯಾವುದರಿಂದ ಶುರುವಾಗಬೇಕು ಎಂಬುದು ಅಲ್ಲಿಯೇ ಬದಲಾಯಿತು.

ಸಾಯುವ ಯೋಚನೆಯನ್ನು ನಾನು ಸುತ್ತಿಬಳಸಿ ಕೇಳುವುದಿಲ್ಲ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ನಮ್ಮಲ್ಲಿ ಬಹಳ ಇದೆ, ಅದು ನಿಜವಲ್ಲ. ‘ಪೊಲೀಸ್ ಕೇಸ್ ಆಗ್ತದೇನ್ರಿ?’ ಎಂಬ ಹೆದರಿಕೆಯಿಂದ ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಇದನ್ನು ಮೊದಲೇ ಹೇಳಿದರೆ ಉತ್ತರ ಸಲೀಸಾಗಿ ಬರುತ್ತದೆ. ಆ ಯುವತಿಯ ಉತ್ತರ ಕೇಳಿ ಅಂದು ಹಾಳೆ ಪಕ್ಕಕ್ಕಿಟ್ಟೆ, ಆಕೆಯ ಒಪ್ಪಿಗೆ ಪಡೆದೇ ತಾಯಿಯನ್ನು ಒಳಗೆ ಕರೆದೆ. ತೊಗರಿಗೆ ಹೊಡೆಯುವ ಔಷಧದ ಡಬ್ಬಿ ಅಡುಗೆಮನೆ ಮೂಲೆಯಲ್ಲೇ ಇತ್ತಂತೆ. ಅವತ್ತೇ ಅದನ್ನು ಬೀಗದೊಳಗೆ ಇಡಿಸಿದೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರನ್ನು ಇಬ್ಬರ ಫೋನಿಗೂ ಹಾಕಿಕೊಟ್ಟೆ.

ಸಂದರ್ಶನದ ಕೊನೆಯ ಭಾಗದಲ್ಲಿ, ಅಂದರೆ ಸಂಶಯ, ಮೈಮರೆವಿನ ಪ್ರಶ್ನೆಗಳಲ್ಲಿ, ನಮ್ಮ ಕಡೆ ಇನ್ನೊಂದು ಎಚ್ಚರ ಬೇಕು. ಈಕೆಯ ಚಿಕ್ಕಮ್ಮನಿಗೆ ಅಮಾವಾಸ್ಯೆಗೆ ಮೈಮೇಲೆ ದೇವರು ಬರುತ್ತದೆ, ಊರೇ ಕೈಮುಗಿಯುತ್ತದೆ. ಅದನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸುವುದು ತಪ್ಪು. ಆದರೆ ಜಗಳದ ನಡುವೆ ‘ಕೈ ನಂದಲ್ಲ ಅನಸ್ತದ್ರಿ, ಮಂದಿ ಎಲ್ಲಾ ದೂರ ನಿಂತಂಗ ಕಾಣ್ತಾರ’ ಎಂದು ಈಕೆ ಹೇಳಿದ್ದು ಲೆಕ್ಕಕ್ಕೆ ಬರುತ್ತದೆ.

ಇಡೀ ಸಂದರ್ಶನಕ್ಕೆ ನನಗೆ ಎರಡು ಭೇಟಿ ಬೇಕಾಗುತ್ತವೆ. ನಡುವಿನ ಭೇಟಿಗಳಲ್ಲಿ ಇದೇ ಕಾಯಿಲೆಯನ್ನು ಅಳೆಯುವ, ಇದಕ್ಕಿಂತ ಚಿಕ್ಕದಾದ ಝಾನರಿನಿ ಮಾಪನ ಬಳಸುತ್ತೇನೆ. 9 ಅಂಶ, ಒಂದು ವಾರದ ಲೆಕ್ಕ, 36ಕ್ಕೆ ಅಂಕ. ಬೇಗ ಮುಗಿಯುತ್ತದೆ. ಆದರೆ ಆ ವಾರ ಗಂಡ ಊರಿಗೆ ಬಂದಿದ್ದರೆ ಎಲ್ಲ ಸರಿಹೋದಂತೆ ಕಾಣುತ್ತದೆ. ಹಾಗಾಗಿ ದೊಡ್ಡ ಸಂದರ್ಶನವನ್ನು ಬಿಡುವುದಿಲ್ಲ.

ಏಪ್ರಿಲ್ ಕೊನೆಗೆ ಮತ್ತೆ ಕೂತೆವು. ಈ ಸಲದ ಗುರುತುಗಳು ಶಿವರಾತ್ರಿ, ಹೋಳಿ, ಶರಣಬಸಪ್ಪನ ಜಾತ್ರೆ, ಯುಗಾದಿ. ಕೊಯ್ದುಕೊಂಡದ್ದು ಎರಡೇ ಸಲ, ಎರಡೂ ಜಾತ್ರೆಗೆ ಮೊದಲು. ಸಿಟ್ಟಿನ ಅಂಕ ಇದ್ದಲ್ಲೇ ಇತ್ತು. ಖಾಲಿತನದ ಬಗ್ಗೆ ಕೇಳಿದೆ.

‘ಅದು ಹಾಂಗೇ ಅದ್ರಿ. ಆದ್ರ ಈಗ ಖಾಲಿ ಅನಿಸಿದಾಗ ನಿಮಗ ಹೇಳ್ಬೇಕು ಅಂತ ನೆನಪಿಟ್ಟೀನಿ.’

ಆ ಭಾಗಕ್ಕೆ ಹಳೆಯ ಅಂಕವನ್ನೇ ಬರೆದೆ. ಮುಂದಿನ ಸಂದರ್ಶನವನ್ನು ನಾಗರ ಪಂಚಮಿ ಹೊತ್ತಿಗೆ ಗೊತ್ತು ಮಾಡಿಕೊಂಡೆವು.